ಲೋಕ ಮತ್ತು ಶಕ್ತಿ: ‘ಸೂಪರ್ ಮಾರಿಯೊ’ ಆಟಗಳ ಕಥನ ಸಂರಚನೆ

1

ಕಥನವು ಪ್ರಧಾನವಾಗಿ ಭಾಷೆಯಲ್ಲಿ ನೆಲೆಗೊಂಡಿರುವ ಕಲೆ ಎಂಬ ತಿಳಿವಳಿಕೆಯನ್ನು ಜಾನಪದ, ರಂಗಭೂಮಿ ಹಾಗೂ ಚಲನಚಿತ್ರ ಕುರಿತ ಅಧ್ಯಯನಗಳು ಬಹಳ ಹಿಂದೆಯೇ ಸಡಿಲಗೊಳಿಸಿವೆ. ಇದರ ಮುಂದಿನ ಹಂತವಾಗಿ, 1990ರ ದಶಕದ ಕೊನೆಯ ಭಾಗದಿಂದ ವಿಡಿಯೊ ಗೇಮ್ ಎಂಬ ಪ್ರಕಾರವೂ ವಿದ್ವತ್ ಚರ್ಚೆಯ ವಸ್ತುವಾಯಿತು. 1997ರಲ್ಲಿ ಪ್ರಕಟವಾದ ಜಾನೆಟ್ ಮರ್ರೆ ಅವರ ‘ಹ್ಯಾಮ್ಲೆಟ್ ಆನ್ ದ ಹೋಲೊಡೆಕ್’ ಮತ್ತು ಎಸ್ಪೆನ್ ಆರ್ಸೆತ್ ಅವರ ‘ಸೈಬರ್‌ಟೆಕ್ಸ್ಟ್’ ಕೃತಿಗಳು ಈ ಚರ್ಚೆಯ ಆರಂಭದ ಘಟ್ಟಕ್ಕೆ ಸೇರಿದವು. ಗಣಕಯಂತ್ರದ ಆಟಗಳಲ್ಲಿ ಕಥನದ ಹೊಸ ಸಾಧ್ಯತೆಗಳಿವೆ ಎಂಬುದು ಒಂದು ನಿಲುವು. ಆಟದ ತಿರುಳು ಅದರ ನಿಯಮಗಳಲ್ಲಿದೆ, ಕಾದಂಬರಿ ಮತ್ತು ನಾಟಕಗಳಿಗಾಗಿ ರೂಪಿಸಿದ ಪರಿಭಾಷೆಯನ್ನು ಅದರ ಮೇಲೆ ಹೇರುವುದು ಸಲ್ಲದು ಎಂಬುದು ಇನ್ನೊಂದು ನಿಲುವು. ಹೆನ್ರಿ ಜೆಂಕಿನ್ಸ್ ಅವರು 2004ರ ತಮ್ಮ ಪ್ರಬಂಧದಲ್ಲಿ, ಆಟದ ವಿನ್ಯಾಸಕಾರರು ಕಥೆ ಹೇಳುವುದಕ್ಕಿಂತ ಮಿಗಿಲಾಗಿ ಸ್ಥಳವನ್ನು ಕಟ್ಟುತ್ತಾರೆ ಎಂಬ ಮಧ್ಯಮ ಮಾರ್ಗವನ್ನು ಸೂಚಿಸಿದರು.

ಇದು ಕೇವಲ ಪರಿಭಾಷೆಯ ವಿವಾದವಲ್ಲ. ಪಠ್ಯ, ನಾಯಕ, ಓದು, ಅರ್ಥ ಎಂಬ ಪರಿಕಲ್ಪನೆಗಳು ಅಕ್ಷರದ ಗಡಿಯನ್ನು ದಾಟಿದ ಮೇಲೆ ಎಷ್ಟು ದೂರ ಬಾಳಿಕೆ ಬರುತ್ತವೆ ಎಂಬ ಪ್ರಶ್ನೆ ಇಲ್ಲಿ ಅಡಗಿದೆ. ಜಪಾನಿನ ನಿಂಟೆಂಡೊ ಸಂಸ್ಥೆಯ ‘ಸೂಪರ್ ಮಾರಿಯೊ’ ಸರಣಿ ಈ ಪ್ರಶ್ನೆಯ ಪರಿಶೀಲನೆಗೆ ಉಚಿತವಾದ ಆಕರ. ಇದರಲ್ಲಿ ಮಾತು ತೀರ ಕಡಿಮೆ, ಕಥೆ ಒಂದು ವಾಕ್ಯದಷ್ಟು. ಆದರೂ ಅದರ ಲೋಕಗಳು ಅರ್ಥದಿಂದ ದಟ್ಟವಾಗಿವೆ. ಈ ಅರ್ಥ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು, ಆಟದ ಎರಡು ಮೂಲಘಟಕಗಳಾದ ‘ಲೋಕ’ ಮತ್ತು ನಾಯಕನಿಗೆ ದೊರೆಯುವ ‘ಶಕ್ತಿವಸ್ತು’ (ಪವರ್-ಅಪ್) ಇವುಗಳ ಸಂಬಂಧದ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

2

‘ಸೂಪರ್ ಮಾರಿಯೊ ಬ್ರದರ್ಸ್’ 1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ, ದೂರದರ್ಶನಕ್ಕೆ ಜೋಡಿಸಿ ಆಡುವ ‘ಫ್ಯಾಮಿಕಾಮ್’ ಯಂತ್ರಕ್ಕಾಗಿ ಬಿಡುಗಡೆಯಾಯಿತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಇದರ ಪ್ರಮುಖ ವಿನ್ಯಾಸಕಾರರು. ಸಂಗೀತ ಕೋಜಿ ಕೊಂಡೊ ಅವರದು. ನಾಯಕ ಮಾರಿಯೊ ಹೊಸಬನಲ್ಲ. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಆತ ಬಡಗಿಯಾಗಿ ಕಾಣಿಸಿಕೊಂಡಿದ್ದ. ಬಾಯಿಯನ್ನು ಬಿಡಿಸಲು ಸಾಲದ ಚುಕ್ಕಿಗಳಲ್ಲಿ ಮೀಸೆಯನ್ನೂ, ಕೂದಲನ್ನು ಬಿಡಿಸುವ ಕಷ್ಟವನ್ನು ತಪ್ಪಿಸಲು ಟೋಪಿಯನ್ನೂ ಆತನಿಗೆ ನೀಡಲಾಯಿತು. ಮಾಧ್ಯಮದ ಮಿತಿಯೇ ಪಾತ್ರದ ಲಕ್ಷಣವಾಗಿ ಪರಿಣಮಿಸಿದ್ದಕ್ಕೆ ಇದೊಂದು ನಿದರ್ಶನ.

ಇಡೀ ಆಟ ಸುಮಾರು 40 ಕಿಲೊಬೈಟ್ ಗಾತ್ರದ್ದು. ಈ ಇಕ್ಕಟ್ಟಿನಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಆಕೃತಿಯವು. ಬಣ್ಣ ಮಾತ್ರ ಬೇರೆ. ಆಟದಲ್ಲಿ 8 ಲೋಕಗಳಿದ್ದು, ಪ್ರತಿ ಲೋಕದಲ್ಲಿ 4 ಘಟ್ಟಗಳಿವೆ, ಒಟ್ಟು 32. ನಾಯಕ ಎಡದಿಂದ ಬಲಕ್ಕೆ ಓಡುತ್ತ, ನೆಗೆಯುತ್ತ ಸಾಗಿದಂತೆ ಪರದೆಯ ಮೇಲಿನ ನೆಲವೂ ಸರಿಯುತ್ತದೆ. ಒಮ್ಮೆ ಎಡ ಅಂಚಿನಲ್ಲಿ ಮರೆಯಾದ ಭಾಗಕ್ಕೆ ಮರಳುವಂತಿಲ್ಲ. ಪ್ರತಿ ಲೋಕದ ನಾಲ್ಕನೆಯ ಘಟ್ಟ ಕೋಟೆ. ಮೊದಲ ಏಳು ಕೋಟೆಗಳ ಕೊನೆಯಲ್ಲಿ, ರಾಜಕುಮಾರಿ ಬೇರೊಂದು ಕೋಟೆಯಲ್ಲಿದ್ದಾಳೆ ಎಂಬ ಸುದ್ದಿಯಷ್ಟೆ ದೊರೆಯುತ್ತದೆ. ಎಂಟನೆಯದರಲ್ಲಿ ಅಪಹರಣಕಾರ ಬೌಸರ್‌ನನ್ನು ಗೆದ್ದು ಆಕೆಯನ್ನು ಬಿಡಿಸಲಾಗುತ್ತದೆ. ಕಥೆ ಇಷ್ಟೇ. ಆದ್ದರಿಂದ ಕಥಾವಸ್ತುವಿನಲ್ಲಿ ಅರ್ಥವನ್ನು ಅರಸುವ ಓದು ಇಲ್ಲಿ ಬೇಗನೆ ಬರಿಗೈಯಾಗುತ್ತದೆ.

3

ಈ ಆಟದ ಮೊದಲ ಘಟ್ಟ ತನ್ನನ್ನು ಓದುವ ಕ್ರಮವನ್ನು ತಾನೇ ಕಲಿಸುತ್ತದೆ. ಆರಂಭದಲ್ಲಿ ನಾಯಕ ಪರದೆಯ ಎಡಭಾಗದಲ್ಲಿ ನಿಂತಿರುತ್ತಾನೆ, ಬಲಭಾಗ ಬಯಲು. ಹೋಗಬೇಕಾದ ದಿಕ್ಕು ಯಾವುದೆಂದು ಹೇಳುವ ಅಗತ್ಯವೇ ಬೀಳುವುದಿಲ್ಲ. ಮುಂದೆ ಬಲದಿಂದ ಗೂಂಬಾ ಎಂಬ ವೈರಿ ನಡೆದು ಬರುತ್ತದೆ. ಅದನ್ನು ಮುಟ್ಟಿದರೆ ಸಾವು, ಅದರ ಮೇಲೆ ನೆಗೆದರೆ ಗೆಲುವು. ನಂತರ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಯೊಂದರಿಂದ ಅಣಬೆ ಹೊರಬರುತ್ತದೆ. ಅದು ಬಲಕ್ಕೆ ಜಾರಿ, ಕೆಳಗಿಳಿದು, ಹಸಿರು ಕೊಳವೆಗೆ ತಗಲಿ ನಾಯಕನತ್ತಲೇ ಮರಳುತ್ತದೆ. ಅದನ್ನೂ ವೈರಿಯೆಂದು ಬಗೆದು ನೆಗೆಯಲೆತ್ನಿಸಿದವನ ತಲೆ ಮೇಲಿನ ಇಟ್ಟಿಗೆಗಳಿಗೆ ಬಡಿಯುವುದರಿಂದ ಆತ ಅಣಬೆಯ ಮೇಲೆಯೇ ಬೀಳುವ ಸಂಭವ ಹೆಚ್ಚು. ಆಗ ನಾಯಕ ದೊಡ್ಡವನಾಗುತ್ತಾನೆ. ಭಯಪಟ್ಟ ವಸ್ತು ಉಪಕಾರಿ ಎಂಬ ಅರಿವು ಮೂಡುತ್ತದೆ. ಈ ಜೋಡಣೆ ಆಕಸ್ಮಿಕವಲ್ಲವೆಂಬುದನ್ನು ಮಿಯಾಮೊಟೊ ಮತ್ತು ತೆಜುಕಾ ಅವರೇ 2015ರಲ್ಲಿ ವಿವರಿಸಿದ್ದಾರೆ.

ಅದೇ ಘಟ್ಟದ ಕೊನೆಯ ಭಾಗದಲ್ಲಿ ಎದುರುಬದುರಾದ ಮೆಟ್ಟಿಲುಗಳ ಎರಡು ಜೋಡಿಗಳಿವೆ. ಮೊದಲ ಜೋಡಿಯ ನಡುವೆ ನೆಲವಿದೆ. ಎರಡನೆಯದರ ನಡುವೆ ಆಳವಾದ ಕಂದಕ. ಮೊದಲು ತಪ್ಪಿಗೆ ಶಿಕ್ಷೆಯಿಲ್ಲದ ಅಭ್ಯಾಸ, ಬಳಿಕ ಶಿಕ್ಷೆಯುಳ್ಳ ಪರೀಕ್ಷೆ. ಹೀಗೆ ಪರಿಚಯ, ಅಭ್ಯಾಸ, ಪರೀಕ್ಷೆ ಎಂಬ ಅನುಕ್ರಮ ಸ್ಥಳದಲ್ಲೇ ಬರೆಯಲ್ಪಟ್ಟಿದೆ. ಭಾಷೆಯಲ್ಲಿ ಪದಗಳ ಸ್ಥಾನ ವ್ಯಾಕರಣಾರ್ಥವನ್ನು ನಿರ್ಧರಿಸುವಂತೆ, ಇಲ್ಲಿ ವಸ್ತುಗಳ ಸ್ಥಾನ ಅವುಗಳ ಅರ್ಥವನ್ನು ನಿರ್ಧರಿಸುತ್ತದೆ.

4

ಮೊದಲ ಆಟದಲ್ಲಿ ನಾಯಕನ ಸ್ಥಿತಿಯನ್ನು ಬದಲಿಸುವ ಶಕ್ತಿವಸ್ತುಗಳು ಮೂರು. ಅಣಬೆ ಆತನನ್ನು ದೊಡ್ಡವನನ್ನಾಗಿಸುತ್ತದೆ. ಬೆಂಕಿಹೂವು ಬೆಂಕಿಯುಂಡೆ ಎಸೆಯುವ ಸಾಮರ್ಥ್ಯ ಕೊಡುತ್ತದೆ. ನಕ್ಷತ್ರ ಸ್ವಲ್ಪ ಕಾಲ ವೈರಿಗಳಿಂದ ಅಭಯ ನೀಡುತ್ತದೆ. ಇವನ್ನು ಕೇವಲ ಬಹುಮಾನಗಳೆಂದು ಭಾವಿಸುವುದು ವಾಡಿಕೆ. ಆದರೆ ಆಟದ ನಿಯಮಗಳನ್ನು ಸೂಕ್ಷ್ಮವಾಗಿ ಗಮನಿಸಿದಾಗ ಅವು ಲೋಕದ ಅರ್ಥವನ್ನೇ ಬದಲಿಸುವ ಘಟಕಗಳೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಚಿಕ್ಕ ಮಾರಿಯೊಗೆ ಇಟ್ಟಿಗೆ ಅಲುಗಾಡುವ ಅಡ್ಡಿ. ದೊಡ್ಡ ಮಾರಿಯೊಗೆ ಅದು ಒಡೆದು ದಾರಿ ಮಾಡಿಕೊಳ್ಳಬಹುದಾದ ವಸ್ತು. ಇದಕ್ಕೆ ಪ್ರತಿಯಾಗಿ, ಚಿಕ್ಕವನು ನಿರಾಯಾಸವಾಗಿ ನುಸುಳುವ ಕಿರಿದಾದ ಸಂದು ದೊಡ್ಡವನಿಗೆ ತಡೆಯಾಗುತ್ತದೆ. ಶಕ್ತಿ ಎಂಬುದು ಇಲ್ಲಿ ಕೇವಲ ಕೂಡಿಕೆಯಲ್ಲ, ಕಳೆಯುವಿಕೆಯೂ ಹೌದು.

ಎರಡನೆಯದಾಗಿ, ಪೆಟ್ಟಿಗೆಯೊಳಗೆ ಏನಿದೆ ಎಂಬುದು ಅದನ್ನು ಬಡಿಯುವವನ ಸ್ಥಿತಿಯನ್ನು ಅವಲಂಬಿಸಿದೆ. ಒಂದೇ ಪೆಟ್ಟಿಗೆ ಚಿಕ್ಕ ಮಾರಿಯೊಗೆ ಅಣಬೆಯನ್ನೂ ದೊಡ್ಡ ಮಾರಿಯೊಗೆ ಬೆಂಕಿಹೂವನ್ನೂ ನೀಡುತ್ತದೆ. ಅಂದರೆ ಲೋಕವು ನಾಯಕನಿಗಿಂತ ಮೊದಲೇ ಸಿದ್ಧವಾಗಿ ಕುಳಿತಿರುವ ವಸ್ತುವಲ್ಲ. ಆತನ ಸ್ಥಿತಿಗೆ ತಕ್ಕಂತೆ ತೆರೆದುಕೊಳ್ಳುವಂಥದು.

ಮೂರನೆಯ ನಿದರ್ಶನ ಇನ್ನೂ ಗಮನಾರ್ಹವಾದುದು. ಕೋಟೆಯ ಕೊನೆಯಲ್ಲಿ ಎದುರಾಗುವ ಬೌಸರ್‌ನನ್ನು ದಾಟಿ ಕೊಡಲಿಯನ್ನು ಮುಟ್ಟಿದರೆ ಸೇತುವೆ ಕುಸಿದು ಆತ ಬೀಳುತ್ತಾನೆ. ಹೀಗೆ ಗೆದ್ದವನಿಗೆ ಏಳು ಸಲವೂ ಅದೇ ಬೌಸರ್ ಬಂದಂತೆ ತೋರುತ್ತದೆ. ಬೆಂಕಿಯುಂಡೆಗಳಿಂದ ಗೆದ್ದವನಿಗೆ ಮಾತ್ರ ಬೇರೆಯ ಸತ್ಯ ಕಾಣುತ್ತದೆ: ಮೊದಲ ಏಳು ಕೋಟೆಗಳಲ್ಲಿ ಬೀಳುವಾತ ಬೌಸರ್‌ನೇ ಅಲ್ಲ, ಆತನ ರೂಪ ತಾಳಿದ ಕಿರಿಯ ವೈರಿ. ಮೊದಲ ಕೋಟೆಯಲ್ಲಿ ಆ ವೇಷದೊಳಗಿರುವುದು ಒಂದು ಸಾಮಾನ್ಯ ಗೂಂಬಾ. ಕಥೆಯ ಈ ಮುಖ್ಯ ಸಂಗತಿಯನ್ನು ಆಟ ಎಲ್ಲಿಯೂ ಮಾತಿನಲ್ಲಿ ಹೇಳುವುದಿಲ್ಲ. ಶಕ್ತಿಯನ್ನು ಕೋಟೆಯ ಕೊನೆಯವರೆಗೆ ಉಳಿಸಿಕೊಂಡವನಿಗೆ ಮಾತ್ರ ಅದು ಗೋಚರಿಸುತ್ತದೆ. ಶಕ್ತಿವಸ್ತು ಇಲ್ಲಿ ಆಯುಧವಷ್ಟೇ ಅಲ್ಲ, ಜ್ಞಾನಸಾಧನವೂ ಆಗಿದೆ.

ಈ ಶಕ್ತಿಗೂ ಎಲ್ಲೆಗಳಿವೆ. ವೈರಿ ತಗಲಿದೊಡನೆ ದೊಡ್ಡವನು ಚಿಕ್ಕವನಾಗುತ್ತಾನೆ. ಮೊದಲ ಆಟದಲ್ಲಿ ಬೆಂಕಿಯ ಮಾರಿಯೊ ಕೂಡ ಒಂದೇ ಪೆಟ್ಟಿಗೆ ಚಿಕ್ಕವನಾಗಿಬಿಡುತ್ತಾನೆ. ನಕ್ಷತ್ರದ ಅಭಯವೂ ಕಂದಕಕ್ಕೆ ಬಿದ್ದವನನ್ನು ಕಾಪಾಡದು. ಆಟವನ್ನು ಒಮ್ಮೆ ಮುಗಿಸಿದವನಿಗೆ ತೆರೆಯುವ ಎರಡನೆಯ ಸುತ್ತಿನಲ್ಲಿ ಗೂಂಬಾಗಳ ಜಾಗದಲ್ಲಿ ಬೆಂಕಿಯುಂಡೆಗೆ ಜಗ್ಗದ ಚಿಪ್ಪಿನ ಜೀರುಂಡೆಗಳು ಬರುತ್ತವೆ. ನಿನ್ನೆಯ ಶಕ್ತಿ ಇಂದಿನ ಲೋಕದಲ್ಲಿ ಅಷ್ಟೇ ಅರ್ಥವನ್ನು ಹೊಂದಿರುವುದಿಲ್ಲ.

5

ಶಕ್ತಿವಸ್ತುವಿನ ಚರ್ಚೆ ಸಹಜವಾಗಿಯೇ ವ್ಲಾದಿಮಿರ್ ಪ್ರಾಪ್ ಅವರತ್ತ ಗಮನ ಸೆಳೆಯುತ್ತದೆ. 1928ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟವಾದ ಅವರ ಅಧ್ಯಯನ ಅದ್ಭುತಕಥೆಗಳಲ್ಲಿ 31 ಕ್ರಿಯಾಘಟಕಗಳನ್ನು ಗುರುತಿಸಿತು. ನಾಯಕ ಮನೆಯಿಂದ ಹೊರಡುತ್ತಾನೆ, ದಾನಿಯೊಬ್ಬ ಆತನನ್ನು ಪರೀಕ್ಷಿಸುತ್ತಾನೆ, ಮಾಂತ್ರಿಕ ವಸ್ತು ದೊರೆಯುತ್ತದೆ, ಖಳನ ಸೋಲಾಗುತ್ತದೆ. ಮಾರಿಯೊ ಕಥೆ ಈ ಚೌಕಟ್ಟಿಗೆ ಮೇಲ್ನೋಟಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಹೊಂದಾಣಿಕೆಗಿಂತ ಭಿನ್ನತೆಯೇ ಹೆಚ್ಚಿನದನ್ನು ತಿಳಿಸುತ್ತದೆ.

ಜನಪದ ಕಥೆಯ ಮಾಂತ್ರಿಕ ವಸ್ತು ಸಾಮಾನ್ಯವಾಗಿ ನಾಯಕನ ಸದ್ಗುಣಕ್ಕೆ ಸಂದ ಫಲ. ಮಾರಿಯೊನ ಅಣಬೆಗೆ ದಾನಿಯಿಲ್ಲ. ಅದು ನೈತಿಕ ಅರ್ಹತೆಯನ್ನು ಕೇಳುವುದಿಲ್ಲ, ಸರಿಯಾದ ಕಡೆ ನೆಗೆಯುವ ಕೌಶಲವನ್ನಷ್ಟೇ ಕೇಳುತ್ತದೆ. ಜನಪದ ಕಥೆಯಲ್ಲಿ ವಸ್ತು ಕೈತಪ್ಪುವುದು ವಿಶೇಷ ಪ್ರಸಂಗ. ಆಟದಲ್ಲಿ ಅದು ನಿತ್ಯದ ಸಂಗತಿ. ಸೋಲಿನ ಸ್ಥಾನವಂತೂ ಸಂಪೂರ್ಣ ಬೇರೆ. ಮೂವರು ಅಣ್ಣತಮ್ಮಂದಿರ ಕಥೆಗಳಲ್ಲಿ ಹಿರಿಯರಿಬ್ಬರು ಸೋತು ಕಿರಿಯವನು ಗೆಲ್ಲುತ್ತಾನೆ. ಸೋಲು ಮತ್ತು ಗೆಲುವು ಬೇರೆ ಬೇರೆ ಪಾತ್ರಗಳಿಗೆ ಹಂಚಿಕೆಯಾಗಿರುತ್ತವೆ. ಮಾರಿಯೊಗೆ ಆರಂಭದಲ್ಲಿ ಮೂರು ಜೀವಗಳಿವೆ. ಸೋಲುವವನೂ ಅವನೇ, ಮೊದಲ ಸೋಲಿನಿಂದ ಪಾಠ ಕಲಿತು ಗೆಲ್ಲುವವನೂ ಅವನೇ. ಆದರೆ ಪಾಠ ಕಲಿಯುವುದು ವಾಸ್ತವವಾಗಿ ಮಾರಿಯೊ ಅಲ್ಲ, ಆಡುವಾತ. ಕಥೆಯೊಳಗಿನ ನಾಯಕನಿಗೆ ನೆನಪಿಲ್ಲ. ಕಥೆಯ ಹೊರಗಿರುವ ಓದುಗನ ಬೆರಳುಗಳಿಗೆ ನೆನಪಿದೆ. ಪ್ರಾಪ್ ಅವರ ಘಟಕಗಳು ಈ ಎರಡನೆಯ ಕಥನವನ್ನು ಒಳಗೊಳ್ಳಲಾರವು.

6

ಸರಣಿಯ ನಂತರದ ಆಟಗಳು ಲೋಕ ಮತ್ತು ಶಕ್ತಿಗಳ ಈ ಸಂಬಂಧವನ್ನು ಬೇರೆ ಬೇರೆ ದಿಕ್ಕುಗಳಲ್ಲಿ ವಿಸ್ತರಿಸಿವೆ. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೆಯ ಆಟದಲ್ಲಿ ವಿಷದ ಅಣಬೆ ಕಾಣಿಸಿಕೊಂಡಿತು. ಉಪಕಾರಿ ಎಂದು ಮೊದಲ ಆಟ ಕಲಿಸಿದ್ದ ಸಂಕೇತವೇ ಇಲ್ಲಿ ಅಪಾಯಕಾರಿಯಾಯಿತು. ಹಿಂದಿನ ಪಠ್ಯವನ್ನು ಓದಿದವನ ನಿರೀಕ್ಷೆಯನ್ನೇ ಬಳಸಿಕೊಂಡು ಆತನನ್ನು ಕೆಡಹುವ ಈ ತಂತ್ರ ಅಂತರ್‌ಪಠ್ಯೀಯತೆಯ ಸರಳ ಹಾಗೂ ಖಚಿತ ರೂಪವಾಗಿದೆ.

1988ರ ‘ಸೂಪರ್ ಮಾರಿಯೊ ಬ್ರದರ್ಸ್ 3’ರಲ್ಲಿ ಎಂಟು ಲೋಕಗಳಿಗೂ ಪ್ರತ್ಯೇಕ ನಕ್ಷೆಗಳು ಬಂದವು: ಹುಲ್ಲುನಾಡು, ಮರಳುನಾಡು, ನೀರುನಾಡು, ದೈತ್ಯನಾಡು, ಬಾನುನಾಡು, ಹಿಮನಾಡು, ಕೊಳವೆನಾಡು, ಕತ್ತಲನಾಡು. ಕಪ್ಪೆಯ ಉಡುಪು ನೀರಿನಲ್ಲಿ ಚುರುಕು, ನೆಲದ ಮೇಲೆ ತೊಡಕು. ಮಾಂತ್ರಿಕ ಎಲೆ ಬಾಲವನ್ನು ಕೊಟ್ಟು ಹಾರಾಟವನ್ನು ಸಾಧ್ಯವಾಗಿಸುತ್ತದೆ. ಅದರಿಂದಾಗಿ ಅದುವರೆಗೆ ಹಿನ್ನೆಲೆಯ ಚಿತ್ರವಾಗಿದ್ದ ಆಕಾಶ ಸಂಚಾರಯೋಗ್ಯ ಸ್ಥಳವಾಗುತ್ತದೆ. ಈ ಆಟ ಪರದೆ ಏಳುವುದರೊಂದಿಗೆ ಆರಂಭವಾಗುತ್ತದೆ; ಅದರ ಲೋಕ ರಂಗಸಜ್ಜಿಕೆಯಂತೆ ರೂಪಿತವಾಗಿದೆ ಎಂಬುದನ್ನು ಮಿಯಾಮೊಟೊ 2015ರಲ್ಲಿ ದೃಢಪಡಿಸಿದರು.

1990ರ ‘ಸೂಪರ್ ಮಾರಿಯೊ ವರ್ಲ್ಡ್’ನಲ್ಲಿ ಲೋಕಗಳೆಲ್ಲ ಒಂದೇ ವಿಸ್ತಾರವಾದ ಭೂಪಟದಲ್ಲಿ ಬೆಸೆದುಕೊಂಡವು. ಅದರಲ್ಲಿ 96 ನಿರ್ಗಮನಗಳಿದ್ದು, ಹಲವು ಘಟ್ಟಗಳಿಗೆ ಒಂದಕ್ಕಿಂತ ಹೆಚ್ಚು ಕೊನೆಗಳಿವೆ. ಚುಕ್ಕಿಗೆರೆಯ ಆಕಾರಗಳಾಗಿ ಮಾತ್ರ ಕಾಣುವ ಪೆಟ್ಟಿಗೆಗಳು, ಬೇರೆಡೆ ಇರುವ ನಾಲ್ಕು ಅರಮನೆಗಳ ಗುಂಡಿಗಳನ್ನು ಒತ್ತಿದ ಬಳಿಕ ಗಟ್ಟಿಯಾಗುತ್ತವೆ. ಇಲ್ಲಿ ಬದಲಾಗುವುದು ನಾಯಕನ ದೇಹವಲ್ಲ, ಲೋಕವೇ. 2023ರ ‘ಸೂಪರ್ ಮಾರಿಯೊ ಬ್ರದರ್ಸ್ ವಂಡರ್’ ಈ ಎಳೆಯನ್ನು ತುದಿಗೆ ಒಯ್ದಿತು. ಅದರ ವಿಸ್ಮಯದ ಹೂವನ್ನು ಮುಟ್ಟಿದೊಡನೆ ಸ್ಥಿರವಾಗಿದ್ದ ಕೊಳವೆಗಳು ಹುಳುಗಳಂತೆ ತೆವಳತೊಡಗುತ್ತವೆ. 1985ರಲ್ಲಿ ನಾಯಕನ ದೇಹದ ಮೂಲಕ ಪರೋಕ್ಷವಾಗಿ ಬದಲಾಗುತ್ತಿದ್ದ ಲೋಕ, 2023ರ ವೇಳೆಗೆ ನೇರವಾಗಿ ಬದಲಾಗತೊಡಗಿದೆ.

7

ಮೇಲಿನ ವಿವೇಚನೆಯಿಂದ ಹೊರಡುವ ಮುಖ್ಯ ತೀರ್ಮಾನವೆಂದರೆ, ಈ ಆಟಗಳಲ್ಲಿ ಅರ್ಥವು ಲೋಕದಲ್ಲಾಗಲಿ ನಾಯಕನಲ್ಲಾಗಲಿ ಪ್ರತ್ಯೇಕವಾಗಿ ಇರುವುದಿಲ್ಲ. ಅವೆರಡರ ನಡುವಣ ಸಂಬಂಧದಲ್ಲಿ ಇರುತ್ತದೆ. ಶಕ್ತಿವಸ್ತು ಆ ಸಂಬಂಧವನ್ನು ತಿದ್ದುವ ಸಾಧನ. ಆದಕಾರಣ ಕಥಾಸಾರವನ್ನು ಬರೆದಿಟ್ಟರೆ ಆಟದ ಪಠ್ಯ ದೊರೆತಂತಾಗುವುದಿಲ್ಲ. ಬೆಂಕಿಯಿಂದ ಗೆದ್ದವನ ಪಠ್ಯವೂ ಕೊಡಲಿಯಿಂದ ಗೆದ್ದವನ ಪಠ್ಯವೂ ಬೇರೆ ಬೇರೆ; ಎರಡೂ ಅಧಿಕೃತವೇ.

ಕನ್ನಡದ ವಿದ್ವತ್ತಿಗೆ ಈ ಸಮಸ್ಯೆ ತೀರ ಅಪರಿಚಿತವಲ್ಲ. ಮಲೆ ಮಾದೇಶ್ವರ ಕಾವ್ಯದಂಥ ಮೌಖಿಕ ಕಾವ್ಯಗಳ ಒಂದಕ್ಕಿಂತ ಹೆಚ್ಚು ಪಾಠಗಳು ಸಂಗ್ರಹಗೊಂಡಿವೆ. ಪ್ರತಿ ಹಾಡಿಕೆಯೂ ಒಂದು ಪಠ್ಯವೆಂಬ ಅರಿವು ಇಲ್ಲಿನ ಜಾನಪದ ಅಧ್ಯಯನದಲ್ಲಿ ನೆಲೆಗೊಂಡಿದೆ. ವ್ಯತ್ಯಾಸವಿರುವುದು ಒಂದು ಅಂಶದಲ್ಲಿ: ಅಲ್ಲಿ ಪಾಠಾಂತರ ಹಾಡುಗನಿಂದ ಹುಟ್ಟುತ್ತದೆ, ಇಲ್ಲಿ ಓದುಗನ ಕೈಯಿಂದ. 1990ರ ದಶಕದಲ್ಲಿ ಅಗ್ಗದ ನಕಲು ಯಂತ್ರಗಳ ಮೂಲಕ ಮಾರಿಯೊ ಭಾರತದ ನಗರ, ಪಟ್ಟಣಗಳ ಮನೆಗಳಿಗೆ ಬಂದಾಗ, ಜಪಾನಿ ಭಾಷೆ ತಿಳಿಯದ, ಇಂಗ್ಲಿಷನ್ನೂ ಇನ್ನೂ ಕಲಿಯದ ಮಕ್ಕಳು ಅದನ್ನು ತಡೆಯಿಲ್ಲದೆ ಓದಿದರು. ಕನ್ನಡದ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಹಾಗೆ ಓದಿದ ತಲೆಮಾರು ಈಗ ತರಗತಿಗಳಲ್ಲಿ ಪಾಠ ಹೇಳುವ ವಯಸ್ಸನ್ನು ತಲುಪಿದೆ. ಆ ಓದನ್ನು ವಿವರಿಸುವ ಪರಿಭಾಷೆ ಮಾತ್ರ ಕನ್ನಡದಲ್ಲಿ ಇನ್ನೂ ರೂಪುಗೊಳ್ಳಬೇಕಾಗಿದೆ. ಲೋಕ, ಘಟ್ಟ, ಶಕ್ತಿ, ಪಾಠಾಂತರ ಮುಂತಾದ ಬಳಕೆಯ ಪದಗಳಿಂದಲೇ ಆ ಕೆಲಸವನ್ನು ಆರಂಭಿಸಲು ಸಾಧ್ಯವಿದೆ.