ನಿಮಗಿದು ಗೊತ್ತೆ? ಮಕ್ಕಳ ಸೈಕಲ್ ಏರುವ ದೈತ್ಯರು

ಅಮೆರಿಕದ ಗ್ರೀನ್ ಬೇ ಪಟ್ಟಣದಲ್ಲಿ ಜುಲೈ ಕೊನೆಗೆ ಪ್ಯಾಕರ್ಸ್ ಫುಟ್‌ಬಾಲ್ ತಂಡದ ತಾಲೀಮು ಶುರುವಾದರೆ ಸಾಕು, ಮಕ್ಕಳು ಸೈಕಲ್ ಸಮೇತ ಹಾಜರ್! ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಿಂದ ರಸ್ತೆಯಾಚೆಯ ಅಭ್ಯಾಸದ ಮೈದಾನಕ್ಕೆ ಆಟಗಾರರು ಹೋಗುವುದು ಈ ಸೈಕಲ್‌ಗಳಲ್ಲೇ. ನೂರು ಕಿಲೋ ಮೀರಿದ ಆಸಾಮಿ, ಮೊಣಕಾಲು ಹ್ಯಾಂಡಲ್‌ಗೆ ತಾಗಿದರೂ ಬಿಡದೆ ಪೆಡಲ್ ತುಳಿಯುತ್ತಾನೆ. ಸೈಕಲ್ಲಿನ ಪುಟ್ಟ ಒಡೆಯ ಅವನ ಹೆಲ್ಮೆಟ್ ಹಿಡಿದು ಪಕ್ಕದಲ್ಲೇ ಓಡುತ್ತಾನೆ. ತರಬೇತುದಾರ ವಿನ್ಸ್ ಲೊಂಬಾರ್ಡಿ ಕಾಲದಿಂದ (1959–67) ಬಂದ ರೂಢಿಯಿದು. ಅಂದಹಾಗೆ, ಈ ತಂಡ ಆಡುವುದು ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕನ್ ಫುಟ್‌ಬಾಲ್. ತಂಡಕ್ಕೆ ಕೋಟ್ಯಧೀಶ ಧಣಿಯೂ ಇಲ್ಲ. 5 ಲಕ್ಷಕ್ಕೂ ಹೆಚ್ಚು ಷೇರುದಾರರೇ ಮಾಲೀಕರು. ಲಾಭಾಂಶ ಮಾತ್ರ ಅವರಿಗೆ ಚಿಕ್ಕಾಸೂ ಇಲ್ಲ!