ಮೋರ್ಯರ ಗುಡ್ಡದ ಕಲ್ಲುಮನೆಗಳು

ಪುಣೆಯ ಹಿಂಜವಾಡಿಯಲ್ಲಿ ಕೆಲಸ ಮಾಡುವ ಕನ್ನಡದ ಗೆಳೆಯರೇ, ಮುಂದಿನ ರಜೆಗೆ ಊರಿಗೆ ಹೋದಾಗ ಈ ಗುಡ್ಡ ಹತ್ತಿ.

ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಹಿರೇಬೆಣಕಲ್. ಗುಡ್ಡದ ನೆತ್ತಿಯ ಮೇಲೆ ಸುಮಾರು 400 ಶಿಲಾಸಮಾಧಿಗಳು. 2000 ವರ್ಷಕ್ಕೂ ಹಳೆಯವು. ಗಾರೆಯಿಲ್ಲ. ನಾಲ್ಕು ಕಡೆ ಚಪ್ಪಡಿ ಆನಿಸಿ, ಮೇಲೊಂದು ಹೊದಿಸಿದ್ದಾರೆ. ಕೆಲವಕ್ಕೆ ಗುಂಡನೆಯ ಕಿಂಡಿ ಕೊರೆದಿದ್ದಾರೆ.

ಊರವರ ಕತೆಯೇ ಬೇರೆ. ಇವು ಗೋರಿಗಳಲ್ಲ, ಮೋರ್ಯರ ಮನೆಗಳು! ಮೋರ್ಯರೆಂದರೆ ಹಿಂದೆ ಇಲ್ಲಿ ಬಾಳಿದ ಕುಳ್ಳ ಜನರಂತೆ.

ಇಲ್ಲೊಂದು ಕಲ್ಲಿನ ನಗಾರಿಯೂ ಇದೆ. ಬಡಿದರೆ ಸದ್ದು ಬಲು ದೂರ ಕೇಳುತ್ತದೆ.

2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ಆದರೆ ನಿಧಿಯಾಸೆಗೆ ಕೆಡವಿದ ಸಮಾಧಿಗಳೂ ಇಲ್ಲಿವೆ. ಹೋಗಿ, ಕಣ್ತುಂಬ ನೋಡಿ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ, ಚಪ್ಪಡಿ ಹತ್ತಬೇಡಿ.