ಅಮ್ಮತ್ತಿಯ ಮನೆತನಗಳೂ ಕಂದಾಯದ ಕಡತಗಳೂ

ಪ್ರಶ್ನೆ: ಅಮ್ಮತ್ತಿಯ ಕುಟುಂಬವೊಂದರ ಹಿಂದಿನ ತಲೆಮಾರುಗಳನ್ನು ಹಳೆಯ ಸರ್ಕಾರಿ ದಾಖಲೆಗಳಿಂದ ತಿಳಿಯಬಹುದೆ?

ಉತ್ತರ: ಖಂಡಿತವಾಗಿ ತಿಳಿಯಬಹುದು. ಕೊಡಗಿನಲ್ಲಿ ಇದಕ್ಕೆ ಮುಖ್ಯ ಆಧಾರ ಜಮ್ಮಾ ಭೂಮಿಯ ದಾಖಲೆಗಳು. ಜಮ್ಮಾ ಎಂದರೆ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಅನುಭವಿಸುತ್ತ ಬಂದ ಹಿಡುವಳಿ. ಗದ್ದೆಯ ಜೊತೆಗೆ ಸೌದೆ, ಸೊಪ್ಪು, ಮೇವಿಗಾಗಿ ಬಿಟ್ಟ ಬಾಣೆಯೂ ಅದರಲ್ಲಿ ಸೇರುತ್ತಿತ್ತು. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನ ಕಾಲದ ‘ಶಿಸ್ತು’, ಅಂದರೆ ಭೂಮಾಪನದ ಲೆಕ್ಕ, ಮತ್ತು 1834ರ ನಂತರ ಬ್ರಿಟಿಷ್ ಆಡಳಿತ ಬೆಳೆಸಿದ ಕಂದಾಯ ಪುಸ್ತಕಗಳು ಈ ಹಿಡುವಳಿಗಳನ್ನು ಮನೆತನದ ಹೆಸರಿನೊಂದಿಗೆ ಗುರುತಿಸುವುದರಿಂದ, ಒಕ್ಕದ, ಅಂದರೆ ಮನೆತನದ, ಹೆಸರು ಗೊತ್ತಿದ್ದವರಿಗೆ ಹುಡುಕಾಟದ ದಾರಿ ಸುಲಭವಾಗುತ್ತದೆ.

ಆದರೆ ಇಲ್ಲಿ ಬಹಳ ಎಚ್ಚರ ಬೇಕು. ಜಮ್ಮಾ ಭೂಮಿ ಇಡೀ ಒಕ್ಕಕ್ಕೆ ಸೇರಿದ್ದಾದರೂ ದಾಖಲೆಯಲ್ಲಿ ಕಾಣುವುದು ಪಟ್ಟೆದಾರನ, ಅಂದರೆ ಹಿರಿಯ ಯಜಮಾನನ ಹೆಸರು ಮಾತ್ರ. ಅವನು ತೀರಿಕೊಂಡಾಗ ಪಟ್ಟೆದಾರಿಕೆ ಮಗನಿಗೇ ಹೋಗದೆ ತಮ್ಮನಿಗೋ ದಾಯಾದಿಗಳಲ್ಲಿ ಹಿರಿಯನಾದವನಿಗೋ ಹೋಗುತ್ತಿದ್ದುದರಿಂದ, ಒಂದರ ಕೆಳಗೊಂದು ಬರೆದ ಎರಡು ಹೆಸರುಗಳನ್ನು ತಂದೆ–ಮಗ ಎಂದು ಓದಿದರೆ ವಂಶವೃಕ್ಷವೇ ತಪ್ಪಾಗುತ್ತದೆ. ಹೆಣ್ಣುಮಕ್ಕಳ ಹೆಸರು ಇವುಗಳಲ್ಲಿ ಅಪರೂಪ ಎಂಬುದು ನಿಜಕ್ಕೂ ನೋವಿನ ಕೊರತೆ. ಅದನ್ನು ಜನನ–ಮರಣ ನೋಂದಣಿಯಿಂದಲೂ ಮನೆಯ ಹಿರಿಯರ ನೆನಪಿನಿಂದಲೂ ತುಂಬಿಕೊಳ್ಳಬೇಕು.

ಗೇಣಿದಾರರ ಕುಟುಂಬಗಳಿಗೆ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಗಳು ಹೆಚ್ಚು ಉಪಯುಕ್ತ. ಕಾಫಿ ತೋಟದ ಕಾರ್ಮಿಕರ ವಂಶಜರು ತೋಟಗಳ ಹಾಜರಿ ಪುಸ್ತಕಗಳನ್ನೂ ಶಾಲೆಯ ದಾಖಲಾತಿ ಪುಸ್ತಕಗಳನ್ನೂ ನೋಡುವುದು ಒಳಿತು. ಕಂದಾಯದ ಹಳೆಯ ಕಡತಗಳಿಗೆ ವಿರಾಜಪೇಟೆಯ ತಾಲ್ಲೂಕು ಕಚೇರಿಯಲ್ಲಿ ಸರ್ವೆ ನಂಬರು ಸಹಿತ ಅರ್ಜಿ ಕೊಟ್ಟು ನಕಲು ಕೇಳಬಹುದು.